ಎಫ್ ಒನ್ ಒತ್ತಬೇಡಿ

ದೇವೇಂದ್ರನ ತೋರುಬೆರಳು ಕೀಬೋರ್ಡಿನ ಎಫ್ ಒನ್ ಮೇಲೆ ಇಳಿಯುವಷ್ಟರಲ್ಲಿ ವಸಂತಮ್ಮ ಅವನ ಮಣಿಕಟ್ಟು ಹಿಡಿದುಬಿಟ್ಟರು.

“ಒತ್ತಬೇಡಿ ಸೆಕ್ರೆಟ್ರಿಗಳೆ. ಮೂರು ದಿನದಿಂದ ಅದು ಏನೋ ಹೇಳಾಕೆ ನೋಡ್ತಾ ಐತೆ. ನೀವು ದಿನಾ ಅದರ ಬಾಯಿ ಮುಚ್ಚಿಸ್ತಾ ಇದೀರ.”

ಪರದೆ ಕಪ್ಪಾಗಿತ್ತು. ಅದರ ಮೇಲೆ ಬಿಳಿ ಅಕ್ಷರದಲ್ಲಿ ಎರಡು ಸಾಲು. ಮೊದಲನೆಯದು, ‘ಸಿಮಾಸ್ ಚೆಕ್‌ಸಮ್ ಎರರ್, ಡಿಫಾಲ್ಟ್ಸ್ ಲೋಡೆಡ್’. ಎರಡನೆಯದು, ಮುಂದೆ ಹೋಗಬೇಕಾದರೆ ಎಫ್ ಒನ್ ಒತ್ತಿ ಎಂಬುದು. ಮೊದಲನೆಯ ಸಾಲು ಆ ಆಫೀಸಿನಲ್ಲಿ ಯಾರಿಗೂ ಅರ್ಥವಾಗಿರಲಿಲ್ಲ. ಎರಡನೆಯದು ಎಲ್ಲರಿಗೂ ಅರ್ಥವಾಗಿತ್ತು. ಹಾಗಾಗಿ ಎಲ್ಲರೂ ಒತ್ತುತ್ತಲೇ ಬಂದಿದ್ದರು.

ಹಳೇಬೀಡಿನ ತೆಂಗು ಬೆಳೆಗಾರರ ಸಂಘದ ಮತದಾರರ ಪಟ್ಟಿಯಿಂದ ಅರವತ್ತೆರಡು ಹೆಸರು ಮಾಯವಾಗಿ ಇವತ್ತಿಗೆ ಮೂರು ದಿನ. ಆ ಪಾಪವನ್ನು ಆಪರೇಟರ್ ಲಾವಣ್ಯಳ ತಲೆಗೆ ಕಟ್ಟುವ ತಪ್ಪೊಪ್ಪಿಗೆ ಪತ್ರ ಮೇಜಿನ ಮೇಲೆ ಸಿದ್ಧವಾಗಿತ್ತು. ಅವಳ ಸಹಿಯೊಂದೇ ಬಾಕಿ. ಹೆಸರು ಕಳೆದುಕೊಂಡ ಹಗರೆ ಕಡೆಯ ಬೆಳೆಗಾರರು ಮೂರು ಗಂಟೆಗೆ ಜವಾಬು ಕೇಳಲು ಬರುವವರಿದ್ದರು. ಅಷ್ಟರೊಳಗೆ ಸಹಿ ಬೀಳದಿದ್ದರೆ ಕೆಲಸದಿಂದ ವಜಾ, ಮೇಲೆ ಪೊಲೀಸಿಗೆ ದೂರು. ಗೋಡೆಯ ಗಡಿಯಾರ ಒಂದೂ ಮುಕ್ಕಾಲು ತೋರಿಸುತ್ತಿತ್ತು.

ಲಾವಣ್ಯ ಪೆನ್ನಿಗೆ ಮುಚ್ಚಳ ಹಾಕಿ ಆ ಪತ್ರದ ಮೇಲೆ ಅಡ್ಡ ಇಟ್ಟಿದ್ದಳು. ಮಾದಿಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ. ಬೆಳಗಿನಿಂದ ಅವಳದು ಒಂದೇ ಮಾತು. ಬುಧವಾರ ಪಟ್ಟಿಯನ್ನು ಓದಿ ನೋಡದೆ ಪ್ರಿಂಟ್ ತೆಗೆದು ಬೋರ್ಡಿಗೆ ಹಚ್ಚಿದ್ದು ನನ್ನ ತಪ್ಪು, ಅದನ್ನು ಬರೆದುಕೊಡುತ್ತೇನೆ. ಹೆಸರು ಅಳಿಸಿದವಳು ನಾನಲ್ಲ, ಅದಕ್ಕೆ ಮಾತ್ರ ಸಹಿ ಹಾಕುವುದಿಲ್ಲ. ದೇವೇಂದ್ರ ಗದರಿ ನೋಡಿದ್ದ, ಮದುವೆಯಾಗಬೇಕಾದ ಹುಡುಗಿ ಸ್ಟೇಷನ್ ಮೆಟ್ಟಿಲು ಹತ್ತಬೇಕಾದೀತು ಎಂದು ಹೆದರಿಸಿಯೂ ನೋಡಿದ್ದ. ಅವಳು ಎದ್ದುಹೋಗಿ ಎಸ್‌ಟಿಡಿ ಬೂತಿನಿಂದ ಅರಸೀಕೆರೆಗೆ ಫೋನು ಮಾಡಿ, ತನಗೆ ಟೈಪಿಂಗ್ ಕಲಿಸಿದ ವಸಂತಮ್ಮನವರನ್ನು ಕರೆಸಿಕೊಂಡಿದ್ದಳು.

ವಸಂತಮ್ಮ ಓದಿದ್ದು ಒಂಬತ್ತನೆಯ ತರಗತಿ. ಗಂಡ ಟೈಪ್‌ರೈಟರ್ ರಿಪೇರಿಯವರು. ಅವರು ಹೋದ ಮೇಲೆ ಸ್ಕ್ರೂಡ್ರೈವರು ಇವರ ಕೈಗೆ ಬಂತು. ಟೈಪ್‌ರೈಟರುಗಳ ಕಾಲ ಮುಗಿಯುತ್ತ ಬಂದಾಗ ಅದೇ ಸ್ಕ್ರೂಡ್ರೈವರಿನಲ್ಲಿ ಕಂಪ್ಯೂಟರ್ ಬಿಚ್ಚಲು ಕಲಿತರು. ಅವರ ಚೀಲದಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇತ್ತು. ಪ್ರತಿ ಪುಟದಲ್ಲೂ ಮೂರು ಕಾಲಂ. ಯಂತ್ರ ಹೇಳಿದ ಮಾತು, ನಿಜವಾಗಿ ಆಗಿದ್ದೇನು, ಕೊಟ್ಟ ಮದ್ದು.

ಒಂದನೆಯ ಕಾಲಮಿಗೂ ಎರಡನೆಯದಕ್ಕೂ ಬಹುಪಾಲು ಹೊಂದಿಕೆಯೇ ಇರುತ್ತಿರಲಿಲ್ಲ. ಗಂಡಸಿಯ ಒಂದು ಶಾಲೆಯಲ್ಲಿ ಯಂತ್ರ ಕೀಬೋರ್ಡ್ ಕೆಟ್ಟಿದೆ ಎಂದಿತ್ತು. ಹೋಗಿ ನೋಡಿದರೆ ಹಾಜರಿ ಪುಸ್ತಕದ ಕಂತೆ ಕೀಲಿಗಳ ಮೇಲೆ ಕೂತಿತ್ತು. ಇನ್ನೊಂದು ಕಡೆ ಡಿಸ್ಕೇ ಇಲ್ಲ ಎಂದು ಗೋಳಾಡಿದ ಯಂತ್ರದೊಳಗೆ ಇಲಿ ವೈರನ್ನು ಕಡಿದು ಹೋಗಿತ್ತು. ಅಲ್ಲಿನವರು ಹೊಸ ಡಿಸ್ಕಿಗೆ ಆರ್ಡರು ಕೊಟ್ಟು ಕೂತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ. ಹೊಟ್ಟೆನೋವು ಅನ್ನುವ ಮಗು ಸುಳ್ಳು ಹೇಳುವುದಿಲ್ಲ, ಆದರೆ ನೋವು ಹೊಟ್ಟೆಯದೇ ಇರಬೇಕೆಂದಿಲ್ಲ ಎಂಬುದು ವಸಂತಮ್ಮ ಮೂರು ಮಕ್ಕಳನ್ನು ಸಾಕಿ ಕಲಿತ ಪಾಠ.

“ಬ್ಯಾಟ್ರಿ ವೀಕು ಅಷ್ಟೇ ವಸಂತಮ್ಮೋರೆ,” ಅಂದ ದೇವೇಂದ್ರ. ಬೇಲೂರಿನ ಸರ್ವಿಸ್ ಅಂಗಡಿಯ ಚನ್ನೇಶ್ ಫೋನಿನಲ್ಲೇ ಹಾಗೆ ಹೇಳಿದ್ದನಂತೆ. ಮುಂದಿನ ವಾರ ಬಂದು ಹೊಸದು ಹಾಕುತ್ತಾನಂತೆ. ಪಟ್ಟಿಗೂ ಇದಕ್ಕೂ ಏನು ಸಂಬಂಧ?

ವಸಂತಮ್ಮ ಲಾವಣ್ಯಳ ಕಡೆ ತಿರುಗಿದರು. ಯಂತ್ರ ಆನ್ ಆದ ಕೂಡಲೇ ಪಾಸ್‌ವರ್ಡ್ ಕೇಳುವುದಿಲ್ಲವೇ ಎಂದು ಕೇಳಿದರು. ಮಂಗಳವಾರದವರೆಗೆ ಕೇಳುತ್ತಿತ್ತು, ಅದು ನನಗೊಬ್ಬಳಿಗೇ ಗೊತ್ತಿದ್ದದ್ದು, ಬುಧವಾರದಿಂದ ಕೇಳುತ್ತಿಲ್ಲ ಎಂದಳು ಅವಳು. ಅವತ್ತೇ ಸೆಕ್ರೆಟರಿಗೆ ಹೇಳಿದ್ದಳು. ಒಳ್ಳೆಯದೇ ಆಯಿತು, ಒಂದು ಕೆಲಸ ಕಡಿಮೆ ಎಂದು ದೇವೇಂದ್ರ ನಕ್ಕಿದ್ದ.

ಈಗ ದೇವೇಂದ್ರ ನಗಲಿಲ್ಲ. ಪಾಸ್‌ವರ್ಡ್ ಅವಳೇ ತೆಗೆದಿರಬೇಕು ಎಂದ, ಪರದೆ ನೋಡುತ್ತ.

ವಸಂತಮ್ಮ ಯಂತ್ರ ಆರಿಸಿ, ವೈರು ಕಿತ್ತು, ಸಿಪಿಯು ಪೆಟ್ಟಿಗೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಸ್ಕ್ರೂಡ್ರೈವರ್ ಹಚ್ಚಲು ಹೋದವರು ಹಾಗೇ ನಿಂತರು.

ಪೆಟ್ಟಿಗೆಯ ಪಕ್ಕೆಗೆ ಮೂರು ಗೆರೆ ವಿಭೂತಿ.

ಅದು ಅಧ್ಯಕ್ಷ ಷಡಕ್ಷರಪ್ಪನವರ ಪದ್ಧತಿ ಎಂದು ಲಾವಣ್ಯ ಹೇಳಿದಳು. ಸೋಮವಾರ ಅವರ ಮನೆಯಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಹೂವಿಟ್ಟು ಬಿಡುತ್ತಾರೆ. ದುಡಿಯುವ ಯಂತ್ರವೂ ಎತ್ತೇ ಅನ್ನುವುದು ಅವರ ಲೆಕ್ಕ. ಸೋಮವಾರ ಬೆಳಗ್ಗೆ ಆಫೀಸಿಗೆ ಬಂದು, ಕಲಸಿದ ವಿಭೂತಿಯನ್ನು ಮುಂದಿನ ಪ್ಲಾಸ್ಟಿಕ್ ಅಂಚಿನಿಂದ ಹಿಂದಿನ ತಗಡಿನ ಮೇಲೆ ಎಳೆದು ಹೋಗುತ್ತಾರೆ. ಅವತ್ತೆಲ್ಲ ಅದರ ಮೇಲೆ ಬಟ್ಟೆ. ಲಾವಣ್ಯ ಪುಸ್ತಕದಲ್ಲಿ ಕೈಬರಹದ ಕೆಲಸ ಮಾಡುತ್ತಾಳೆ. ಮುಂದಿನ ಸೋಮವಾರದವರೆಗೆ ಆ ಗೆರೆಗಳನ್ನು ಒರೆಸುವ ಧೈರ್ಯ ಯಾರಿಗೂ ಇಲ್ಲ.

ವಸಂತಮ್ಮ ಕನ್ನಡಕ ಏರಿಸಿ ಬಗ್ಗಿದರು. ಪ್ಲಾಸ್ಟಿಕ್ಕಿನ ಮೇಲೆ ಗೆರೆಗಳು ದಪ್ಪಗೆ, ಅಗಲವಾಗಿದ್ದವು. ತಗಡು ಸೇರುವ ಸಂದಿಯಿಂದ ಆಚೆಗೆ ಅವೇ ಗೆರೆಗಳು ಸಣ್ಣಗಾಗಿದ್ದವು. ಮೂರನೆಯದು ಕೊನೆಯಲ್ಲಿ ಸ್ವಲ್ಪ ಕೆಳಗೆ ಜಾರಿತ್ತು.

ಅವರು ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ, ಕವಚವನ್ನು ಹಿಂದಕ್ಕೆ ಎಳೆದು ತೆಗೆದರು. ಒಳಗೆ ರೂಪಾಯಿ ನಾಣ್ಯದಂಥ ಬ್ಯಾಟರಿ. ಉಗುರಿನಲ್ಲಿ ಎಬ್ಬಿಸುವ ಮೊದಲು ದೇವೇಂದ್ರನನ್ನು ಹತ್ತಿರ ಕರೆದರು. ಪ್ಲಸ್ ಗುರುತು ಎಲ್ಲಿದೆ ಎಂದು ಕೇಳಿದರು. ಅವನು ಹುಡುಕಿದ. ಕಾಣಲಿಲ್ಲ. ಬ್ಯಾಟರಿ ಎಬ್ಬಿಸಿದ ಮೇಲೆ ಅಡಿಯಲ್ಲಿ ಕಂಡಿತು.

ತಲೆಕೆಳಗಾಗಿ ಕೂರಿಸಿದ್ದರು.

ಮೀಟರು ಹಿಡಿದರು. ಮುಳ್ಳು ಮೂರು ವೋಲ್ಟಿನ ಹತ್ತಿರ ಗಟ್ಟಿಯಾಗಿ ನಿಂತಿತು. ವೀಕೂ ಇಲ್ಲ, ಗೀಕೂ ಇಲ್ಲ.

“ಕೇಳಿ ಸೆಕ್ರೆಟ್ರಿಗಳೆ. ಕರೆಂಟು ಇಲ್ದಾಗ ಇವತ್ತು ಯಾವ ತಾರೀಕು, ಪಾಸ್‌ವರ್ಡ್ ಏನು ಅಂತ ಈ ಯಂತ್ರ ನೆನಪಿಟ್ಕೊಳ್ಳೋದು ಈ ಬಿಲ್ಲೆ ದಯೆಯಿಂದ. ಬಿಲ್ಲೆ ಕಿತ್ತರೆ ಎಲ್ಲಾ ಮರೀತದೆ. ಪಾಸ್‌ವರ್ಡೂ ಮರೀತದೆ. ಯಾರೋ ಅದಕ್ಕೇ ಕಿತ್ತವ್ರೆ. ತಿರುಗಿ ಹಾಕುವಾಗ ಅವಸರದಲ್ಲಿ ಉಲ್ಟಾ ಹಾಕವ್ರೆ. ಬ್ಯಾಟ್ರಿ ತಾನಾಗೇ ಮಗ್ಗಲು ಹೊರಳಲ್ಲ.”

“ಲಾವಣ್ಯಾನೇ ಕಿತ್ತಿರಬೌದಲ್ಲ?”

“ಮನೆ ಬೀಗದಕೈ ಸೊಂಟದಲ್ಲಿರೋಳು ಹೆಂಚು ಯಾಕೆ ತೆಗೀತಾಳೆ?”

ಲಾವಣ್ಯಳ ಮುಖದಲ್ಲಿ ಬೆಳಗಿನಿಂದ ಮೊದಲ ಬಾರಿ ನಗು ಸುಳಿಯಿತು. ಆದರೆ ಬಾಗಿಲಲ್ಲಿ ಚಪ್ಪಲಿ ಸದ್ದಾಗಿ ಅದು ಅಲ್ಲೇ ಆರಿತು.

ಷಡಕ್ಷರಪ್ಪನವರು ಬಂದರು. ಅರವತ್ತರ ಆಳು, ಹಣೆ ತುಂಬ ವಿಭೂತಿ, ಬಿಳಿ ಪಂಚೆ. ಹಿಂದೆ ಅವರ ಹೆಂಡತಿ ಶಿವಗಂಗಮ್ಮ. ಗಂಡ ಊಟಕ್ಕೆ ಮನೆಗೆ ಬಾರದ ದಿನ ಬುತ್ತಿ ತರುವುದು ಅವರ ರೂಢಿ. ಅವರು ಕ್ಯಾರಿಯರನ್ನು ಬೆಂಚಿನ ಮೇಲಿಟ್ಟು, ಸೆರಗು ಹೊದ್ದು ಕೂತರು. ಬಿಚ್ಚಿಟ್ಟ ಪೆಟ್ಟಿಗೆಯನ್ನು ನೋಡಿದವರು ಮತ್ತೆ ಕಣ್ಣು ತೆಗೆಯಲಿಲ್ಲ.

ಅಧ್ಯಕ್ಷರು ಮೊದಲು ಬಾಗಿಲು ಹಾಕಿಸಿದರು. ಆಮೇಲೆ, ಸಂಘದ ಯಂತ್ರ ಬಿಚ್ಚಲು ಅಪ್ಪಣೆ ಕೊಟ್ಟವರು ಯಾರು ಎಂದು ಕೇಳಿದರು. ವಸಂತಮ್ಮ ಬ್ಯಾಟರಿಯ ಕಥೆ ಹೇಳಿದರು. ಷಡಕ್ಷರಪ್ಪನವರು ತಾಳ್ಮೆಯಿಂದ ಕೇಳಿ, ಬಿಲ್ಲೆ ಮೇಲಾದರೇನು ಕೆಳಗಾದರೇನು, ನನ್ನ ಹತ್ತಿರ ಇದಕ್ಕಿಂತ ದೊಡ್ಡ ಸಾಕ್ಷಿ ಇದೆ ಎಂದು ಜೇಬಿನಿಂದ ಚೀಟಿ ತೆಗೆದರು. ಪಟ್ಟಿಯ ಫೈಲು ಕೊನೆಯದಾಗಿ ಬದಲಾದ ದಿನವನ್ನು ದೇವೇಂದ್ರ ಯಂತ್ರ ನೋಡಿ ಬರೆದುಕೊಟ್ಟ ಚೀಟಿ ಅದು. ಇಷ್ಟು ದಿನ ಅದನ್ನು ಅವರು ಯಾರಿಗೂ ತೋರಿಸಿರಲಿಲ್ಲ.

“ಫೆಬ್ರವರಿ ನಾಲ್ಕು, ಬೆಳಗ್ಗೆ ಹನ್ನೊಂದು ಇಪ್ಪತ್ತು. ಪಟ್ಟಿ ತಿದ್ದೋಕೆ ಕೊನೇ ದಿನ ಎರಡು ವಾರದ ಹಿಂದೆ, ಐದನೇ ತಾರೀಕು. ಅದರ ಹಿಂದಿನ ದಿನ ತಿದ್ದವಳೆ. ಅವತ್ತು ಇವಳು ಇದೇ ಕುರ್ಚೀಲಿ ಕೂತಿದ್ದಳು, ಹಾಜರಿ ಐತೆ. ಏನಂತೀರಿ ವಸಂತಮ್ಮೋರೆ?”

ವಸಂತಮ್ಮ ಚೀಟಿಯನ್ನು ಕೈಗೆ ತೆಗೆದುಕೊಂಡು ಎರಡು ಸಲ ಓದಿದರು. ಆಮೇಲೆ ಒಂದು ಚಿಕ್ಕ ಪ್ರಶ್ನೆ ಕೇಳಿದರು. ಸೋಮವಾರ ಈ ಯಂತ್ರಕ್ಕೆ ವಿಶ್ರಾಂತಿ ಅಂತ ಕೇಳಿದೆ, ನಿಜವೇ? ಹಬ್ಬಕ್ಕೋ ಹುಣ್ಣಿಮೆಗೋ ಮಾತ್ರವೋ, ಅಥವಾ ತಪ್ಪದೆ ಪ್ರತಿ ವಾರವೋ?

ಷಡಕ್ಷರಪ್ಪನವರ ಎದೆ ಸ್ವಲ್ಪ ಮುಂದೆ ಬಂತು. ಯಂತ್ರ ಬಂದು ಎರಡು ವರ್ಷವಾಯಿತು, ಒಂದೇ ಒಂದು ಸೋಮವಾರ ಅದರ ಹೊಟ್ಟೆಗೆ ಕರೆಂಟು ಹೋಗಿಲ್ಲ ಎಂದರು. ಮೊನ್ನೆ ಮೊನ್ನೆಯ ಸೋಮವಾರಗಳೂ ಹಾಗೆಯೇ. ತಾವೇ ವೈರು ಕಿತ್ತು, ಸುತ್ತಿ, ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಬೇಕಾದರೆ ಮಠದ ಸ್ವಾಮಿಗಳ ಮುಂದೆ ಪ್ರಮಾಣ ಮಾಡುತ್ತೇನೆ ಎಂದರು.

“ಅಷ್ಟು ದೂರ ಯಾಕೆ ಯಜಮಾನ್ರೆ. ಆ ಕ್ಯಾಲೆಂಡರ್ ನೋಡಿ.”

ಗೋಡೆಯಲ್ಲಿ ಎರಡು ಸಾವಿರದ ಎರಡನೆಯ ಇಸವಿಯ ಕ್ಯಾಲೆಂಡರು ನೇತಾಡುತ್ತಿತ್ತು. ಷಡಕ್ಷರಪ್ಪನವರು ಹತ್ತಿರ ಹೋದರು. ಫೆಬ್ರವರಿಯ ನಾಲ್ಕನ್ನು ಬೆರಳಿನಿಂದ ಮುಟ್ಟಿದರು. ಬೆರಳು ಅಲ್ಲಿಂದ ಮೇಲೇರಿ ವಾರದ ಹೆಸರಿನ ಮೇಲೆ ನಿಂತಿತು.

ಸೋಮವಾರ.

“ನೀವು ಬೀಗ ಹಾಕಿಟ್ಟ ವೈರು, ಬಟ್ಟೆ ಹೊದ್ದ ಯಂತ್ರ. ಇವಳು ಏನು, ಬೆರಳಲ್ಲಿ ಕರೆಂಟು ಕೊಟ್ಟಳಾ?” ವಸಂತಮ್ಮನ ದನಿ ಏರಲಿಲ್ಲ. ಬಿಲ್ಲೆ ಕಿತ್ತ ಮೇಲೆ ಯಂತ್ರದ ಗಡಿಯಾರ ತಾನು ಹುಟ್ಟಿದ ವರ್ಷಕ್ಕೆ ಓಡಿಹೋಗುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಯಾರೋ ಅದಕ್ಕೆ ಕೈಯಾರೆ ಫೆಬ್ರವರಿ ನಾಲ್ಕು ಎಂದು ಕಲಿಸಿಕೊಟ್ಟಿದ್ದಾರೆ, ಕೊನೆಯ ದಿನಕ್ಕೆ ಮುಂಚೆಯೇ ತಿದ್ದಿದಂತೆ ಕಾಣಲಿ ಎಂದು. ಆಮೇಲೆ ಹೆಸರು ಅಳಿಸಿದ್ದಾರೆ. ತಾರೀಕು ನೋಡಿದರು, ವಾರ ನೋಡಲಿಲ್ಲ. ಈ ಆಫೀಸಿನಲ್ಲಿ ದಿನಾ ಕೂರುವ ಯಾರೂ ಆ ತಪ್ಪು ಮಾಡುವುದಿಲ್ಲ.

ಷಡಕ್ಷರಪ್ಪನವರು ಕುರ್ಚಿಯಲ್ಲಿ ಕೂತರು. ಹಟ ಇತ್ತು, ಆದರೆ ಮೋಸದ ಮನುಷ್ಯನಲ್ಲ. ಹಾಗಾದರೆ ಹೊರಗಿನವನು, ಬೇಲೂರಿನ ಚನ್ನೇಶನೇ ಇರಬೇಕು ಎಂದು ಗೊಣಗಿದರು.

ವಸಂತಮ್ಮ ಅಲ್ಲ ಎಂದು ತಲೆಯಾಡಿಸಿದರು. ಬ್ಯಾಟರಿ ಮಾರಿ ಹೊಟ್ಟೆ ಹೊರೆಯುವವನು ಅದನ್ನು ಉಲ್ಟಾ ಹಾಕಲಾರ. ಅದೂ ಅಲ್ಲದೆ ಕೈ ಒಂದಲ್ಲ, ಎರಡು. ಒಂದು ಕೈಗೆ ಇಲ್ಲಿನ ಸೋಮವಾರ ಗೊತ್ತಿಲ್ಲ. ಇನ್ನೊಂದು ಕೈಗೆ ವಿಭೂತಿ ಅಳಿಸಿದ್ದನ್ನು ಕಂಡು ಸುಮ್ಮನಿರಲು ಆಗಿಲ್ಲ.

ಅವರು ಬಿಚ್ಚಿಟ್ಟ ಕವಚವನ್ನು ಮೇಜಿನ ಮೇಲಿಟ್ಟು, ಸಂದಿಗೆ ಸಂದಿ ಜೋಡಿಸಿ ತೋರಿಸಿದರು. ಪ್ಲಾಸ್ಟಿಕ್ಕಿನ ಮೇಲೆ ಷಡಕ್ಷರಪ್ಪನವರ ದಪ್ಪ ಬೆರಳು. ತಗಡಿನ ಮೇಲೆ ಬೇರೆ ಬೆರಳು. ಕವಚ ಎಳೆಯುವಾಗ ಕೈಯುಜ್ಜಿ ತಗಡಿನ ಮೇಲಿದ್ದದ್ದು ಹೋಗಿದೆ. ಆಮೇಲೆ ಯಾರೋ ವಿಭೂತಿಯನ್ನು ಹದವಾಗಿ ಕಲಸಿ, ಇದ್ದ ಗೆರೆಗೇ ಕೂಡಿಸಿ ಎಳೆದಿದ್ದಾರೆ.

ದೇವೇಂದ್ರ ಆ ಸಣ್ಣ ಗೆರೆಗಳನ್ನೇ ನೋಡುತ್ತಿದ್ದವನು ತಟ್ಟನೆ ಲಾವಣ್ಯಳ ಕಡೆ ತಿರುಗಿದ.

“ಇದು ಹೆಣ್ಣು ಬೆರಳು. ಈ ಆಫೀಸಲ್ಲಿ ಇರೋ ಹೆಣ್ಣು ಯಾರು ಅಂತ ನಾನು ಹೇಳ್ಬೇಕಾ? ಹಾಕೇ ಸಹಿ.”

ಅವನು ಅವಳ ಕೈ ಹಿಡಿದು ಪತ್ರದ ಮೇಲೆ ಎಳೆದ. ಲಾವಣ್ಯ ಕೊಸರಲಿಲ್ಲ. ಇನ್ನೊಂದು ಕೈಯಿಂದ ಪತ್ರವನ್ನು ಎತ್ತಿ, ನಾಲ್ಕಾಗಿ ಮಡಿಸಿ, ಅವನ ಅಂಗಿಯ ಜೇಬಿಗೇ ತುರುಕಿದಳು.

“ಕೆಲಸ ಕಿತ್ಕೊಳ್ಳಿ ಸರ್. ಸ್ಟೇಷನ್ನಿಗೂ ಬತ್ತೀನಿ. ನನ್ನ ಹೆಸರು ಮಾತ್ರ ನಿಮ್ಮ ಈ ಹಾಳೆ ಮೇಲೆ ಬೀಳಲ್ಲ.”

“ಆ ಹುಡುಗೀ ಕೈ ಬಿಡು ದೇವೇಂದ್ರ.”

ಮಾತು ಬಂದದ್ದು ಬೆಂಚಿನಿಂದ. ಶಿವಗಂಗಮ್ಮ ಎದ್ದು ನಿಂತಿದ್ದರು. ಮೇಜಿನ ಹತ್ತಿರ ಬಂದು, ಬಲಗೈಯ ಮೂರು ಬೆರಳನ್ನು ತಗಡಿನ ಗೆರೆಗಳ ಮೇಲೆ ಇಟ್ಟರು. ಒಂದೊಂದು ಬೆರಳೂ ತನ್ನ ಗೆರೆಯಲ್ಲಿ ಕೂತಿತು. ಉಂಗುರ ಬೆರಳು ತುದಿಯಲ್ಲಿ ಸೊಟ್ಟ. ಅದು ಮೂರನೆಯ ಗೆರೆ ಜಾರಿದ ಕಡೆಗೇ ಜಾರಿತು.

ಷಡಕ್ಷರಪ್ಪನವರು ಹೆಂಡತಿಯ ಮುಖವನ್ನು ಹೊಸಬರನ್ನು ನೋಡುವಂತೆ ನೋಡಿದರು. ಮನೆಗೆ ನಡಿ ಅಂದರು.

“ಮನೇಲೇ ಬರೆದಿದ್ದು ಕಣ್ರೀ ಇದನ್ನ. ಮಂಗಳವಾರ ಮಧ್ಯಾಹ್ನ ನೀವು ಮಠಕ್ಕೆ ಹೋಗಿದ್ರಿ. ಲಾವಣ್ಯನ್ನ ಬೇಗ ಮನೆಗೆ ಕಳ್ಸಿ, ಇಬ್ಬರು ಈ ಪೆಟ್ಟಿಗೆ, ಪರದೆ, ಕೀಬೋರ್ಡು ಎಲ್ಲಾ ನಮ್ಮನೆ ಪಡಸಾಲೆಗೆ ತಂದಿಟ್ರು. ಬೇಲೂರಿಗೆ ರಿಪೇರಿಗೆ ಹೋಗ್ಬೇಕು, ಆಫೀಸಲ್ಲಿ ಜನ ಓಡಾಡ್ತಾರೆ, ಅಲ್ಲೀಗಂಟ ಇಲ್ಲಿರಲಿ ಅಂದ್ರು. ಬಿಚ್ಚಿದ್ರು, ಕುಟ್ಟಿದ್ರು, ಎರಡು ಗಂಟೆ ಏನೇನೋ ಮಾಡಿದ್ರು. ವಾಪಸ್ ಎತ್ಕೊಂಡು ಹೊರಟಾಗ ನೋಡ್ದೆ, ಮೈಮೇಲಿದ್ದ ವಿಭೂತಿ ಹೋಗಿತ್ತು. ಬರೀ ಹಣೇಲಿ ಹೊಸ್ತಿಲು ದಾಟಿಸಬಾರದು ಅಂತ ಹಚ್ಚಿ ಕಳಿಸ್ದೆ.”

ಲಾವಣ್ಯಳಿಗೆ ನೆನಪಾಯಿತು. ಮಂಗಳವಾರ ಎರಡು ಗಂಟೆಗೇ ಅವಳನ್ನು ಬಸ್ಸಿಗೆ ಕಳಿಸಿದವನು ದೇವೇಂದ್ರ. ಲೈನಿನಲ್ಲಿ ಕೆಲಸ ಇದೆಯಂತೆ, ಕರೆಂಟು ಸಂಜೆವರೆಗೂ ಇರಲ್ಲ, ಹೊರಡು ಎಂದಿದ್ದ.

ಎಲ್ಲರೂ ಅವನ ಕಡೆ ತಿರುಗಿದರು. ಅವನು ಗೋಡೆಗೆ ಒರಗಿದ್ದ. ಬಿಚ್ಚಿದವನು ನಾನಲ್ಲ, ತಾರೀಕು ಕೂರಿಸಿದವನೂ ನಾನಲ್ಲ, ನನಗೆ ಬಿಚ್ಚಲು ಬರುವುದಿಲ್ಲ ಎಂದು ತೊದಲಿದ. ಅದು ನಿಜವೆಂದು ವಸಂತಮ್ಮನಿಗೂ ಗೊತ್ತಿತ್ತು. ಪ್ಲಸ್ ಗುರುತು ಎಲ್ಲಿದೆ ಎಂದಾಗ ಅವನು ನಿಜವಾಗಿಯೇ ತಡಕಾಡಿದ್ದ.

“ಜೊತೇಲಿ ಇನ್ನೊಬ್ಬರು ಯಾರು ಅವ್ವ?” ವಸಂತಮ್ಮ ಕೇಳಿದರು.

“ಹೇಳಬೇಡಿ ಅಮ್ಮಾ,” ಅಂದ ದೇವೇಂದ್ರ. ಅದು ಗದರಿಕೆಯಾಗಿರಲಿಲ್ಲ. ಬೇಡಿಕೆ. “ನಿಮ್ಮ ಕಾಲಿಗೆ ಬೀಳ್ತೀನಿ. ನನ್ನ ಮೇಲೇ ಹಾಕಿ ಎಲ್ಲಾನೂ. ಅವನ ಹೆಸರು ಬೇಡ.”

ಷಡಕ್ಷರಪ್ಪನವರೂ ಕೈ ಎತ್ತಿದರು. ಮನೆಯ ಮಾತು ಮನೆಯಲ್ಲಿರಲಿ, ಲಾವಣ್ಯಳ ಮೇಲಿನ ದೂರು ಈ ಕ್ಷಣವೇ ಬಿಡುತ್ತೇನೆ, ಪತ್ರ ಹರಿದುಹಾಕುತ್ತೇನೆ, ಇಲ್ಲಿಗೆ ಮುಗಿಯಲಿ ಎಂದರು.

ಲಾವಣ್ಯ ಒಪ್ಪಲಿಲ್ಲ. ಪಟ್ಟಿ ಬೋರ್ಡಿನ ಮೇಲಿದೆ, ಅದರ ಕೆಳಗೆ ತಯಾರಿಸಿದವರು ಎಂದು ನನ್ನ ಹೆಸರಿದೆ. ನಾಲ್ಕು ಗೋಡೆಯ ಒಳಗೆ ಮುಗಿದರೆ ಊರ ಬಾಯಲ್ಲಿ ನಾನೇ ಕಳ್ಳಿ ಎಂದಳು. ಶಿವಗಂಗಮ್ಮ ಅವಳನ್ನು ನೋಡಿದರು, ಗಂಡನನ್ನು ನೋಡಿದರು.

“ಅವಳು ಹೇಳಿದ್ದು ಸರಿ. ಬಾಗಿಲು ಹಾಕ್ಕೊಂಡಿರೋ ಕೋಣೇಲಿ ನಾನೂ ಹೇಳಲ್ಲ. ಹೆಸರು ಹೋಗಿರೋ ಆ ಅರವತ್ತೆರಡು ಜನದ ಮುಂದೆ ಹೇಳ್ತೀನಿ.”

ಹೊರಗೆ ಬಸ್ಸು ನಿಂತ ಸದ್ದು, ಅದರ ಹಿಂದೆಯೇ ಮಾತುಗಳ ಗದ್ದಲ. ಹಗರೆಯವರು ಹತ್ತು ನಿಮಿಷ ಮೊದಲೇ ಬಂದಿದ್ದರು. ಯಾರೋ ಬಾಗಿಲು ಬಡಿದರು. ದೇವೇಂದ್ರ ಅಗುಳಿಗೆ ಅಡ್ಡ ನಿಂತ. ವಸಂತಮ್ಮ ಅವನ ಭುಜ ಹಿಡಿದು, ತಾಯಿ ಮಗನನ್ನು ಸರಿಸುವಂತೆ ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಲಾವಣ್ಯ ಅಗುಳಿ ತೆಗೆದು ಎರಡೂ ಬಾಗಿಲನ್ನು ಗೋಡೆಗೆ ತಾಗುವಂತೆ ತೆರೆದಳು.

ಅಂಗಳದ ತುಂಬ ಜನ. ಬಿಸಿಲಿಗೆ ಟವೆಲ್ ಹೊದ್ದ ತಲೆಗಳು, ಕೈಯಲ್ಲಿ ಮಡಿಸಿದ ಸದಸ್ಯತ್ವದ ಕಾರ್ಡುಗಳು. ಶಿವಗಂಗಮ್ಮ ಹೊಸ್ತಿಲ ಮೇಲೆ ಬಂದು ನಿಂತಾಗ ಗದ್ದಲ ತಾನಾಗೇ ಇಳಿಯಿತು. ಅವರು ಮಾತಾಡಲು ಕೈ ಎತ್ತಿದರು.

ಎತ್ತಿದ ಕೈ ಹಾಗೇ ನಿಂತಿತು.

ಅವರು ನೋಡುತ್ತಿದ್ದದ್ದು ಮೊದಲ ಸಾಲಿನ ನಡುವೆ ನಿಂತಿದ್ದ ಒಬ್ಬನನ್ನು, ಮಂಗಳವಾರ ತಮ್ಮ ಪಡಸಾಲೆಯಲ್ಲಿ ಪೆಟ್ಟಿಗೆ ಬಿಚ್ಚಿದವನನ್ನು. ಹಗರೆಯವರೆಲ್ಲರ ಪರವಾಗಿ ದೂರು ಬರೆದು ತಂದವನು ಅವನೇ. ಅಳಿಸಿದ ಅರವತ್ತೆರಡು ಹೆಸರಿನಲ್ಲಿ ಮೊದಲನೆಯದೂ ಅವನದೇ, ಹೆಸರು ಹೋದವನನ್ನು ಯಾರೂ ಅನುಮಾನಿಸುವುದಿಲ್ಲ. ಅವನು ಶಿವಗಂಗಮ್ಮನಿಗೆ ಕೈ ಮುಗಿದು, ಮುಗುಳ್ನಕ್ಕು, “ಹೇಳಿ ಅಮ್ಮಾ, ಯಾರು ಅಂತ ಹೇಳಿ,” ಅಂದ.